ಸೀಲ್ ಹೊಸದು, ಸೋರಿಕೆ ಹಳೆಯದು: ಒಂದು ಔಟ್‌ಡ್ರೈವ್ ಪ್ರಕರಣ

ಔಟ್‌ಡ್ರೈವ್, ಅಂದರೆ ದೋಣಿಯ ಹಿಂದೆ ಪ್ರೊಪೆಲ್ಲರ್ ಹೊತ್ತಿರುವ ಕಾಲು, ಸೋರುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ನೀರು ಸಿಕ್ಕಿದ್ದು ಎಲ್ಲಿ? ಗೇರ್ ಆಯಿಲ್ ಒಳಗಾ, ಅಥವಾ ದೋಣಿಯ ತಳದ ಬಿಲ್ಜ್‌ನಲ್ಲಾ? ಇವೆರಡೂ ಬೇರೆ ಬೇರೆ ಕಾಯಿಲೆ. ನೀರು ಬರುವ ದಾರಿ ಬೇರೆ, ಮಾಡುವ ಪರೀಕ್ಷೆ ಬೇರೆ, ರಿಪೇರಿಯೂ ಬೇರೆ. ಎರಡೂ ಒಂದೇ ಸಲ ಕಾಣಿಸಿಕೊಂಡಾಗ ಮಾತ್ರ ತಲೆ ಕೆಡುತ್ತದೆ. ಎಲ್ಲರೂ ಒಂದೇ ತೂತು ಹುಡುಕಲು ಹೊರಡುತ್ತಾರೆ.

ಇಲ್ಲಿ ಬರೆಯುತ್ತಿರುವುದು ಅಂಥದ್ದೇ ಒಂದು ದೋಣಿಯ ವಿಷಯ. ಜಾಗ ಅಮೆರಿಕದ ಮಿಷಿಗನ್. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮವನ್ನು ನಂಬಿಕೊಂಡಿರುವ ಕನ್ನಡಿಗರು ಸಾಕಷ್ಟು ಜನ ಇದ್ದೇವೆ. ಬೇಸಿಗೆ ಬಂತೆಂದರೆ ಕೆಲವರಿಗೆ ಲೇಕ್ ಸೇಂಟ್ ಕ್ಲೇರ್ ಹುಚ್ಚು ಹಿಡಿಯುತ್ತದೆ. ನನ್ನ ಗೆಳೆಯನೊಬ್ಬ ಹೀಗೇ ಒಂದು ಸೆಕೆಂಡ್ ಹ್ಯಾಂಡ್ ದೋಣಿ ಕೊಂಡಿದ್ದ. 20 ಅಡಿ ಉದ್ದ, 2002ರ ಮಾಡೆಲ್. ಒಳಗೆ 4.3 ಲೀಟರ್ ವಿ6 ಮರ್ಕ್ರೂಸರ್ ಎಂಜಿನ್, ಹಿಂದೆ ಆಲ್ಫಾ ಒನ್ ಜೆನ್ 2 ಡ್ರೈವ್. ಈ ಡ್ರೈವ್ ಇಲ್ಲಿ ಎಷ್ಟು ಸಾಮಾನ್ಯ ಅಂದರೆ ಬಿಡಿಭಾಗಕ್ಕಾಗಲೀ ಬುದ್ಧಿ ಹೇಳುವವರಿಗಾಗಲೀ ಕೊರತೆಯೇ ಇಲ್ಲ. ಬುದ್ಧಿ ಹೇಳುವವರು ಸ್ವಲ್ಪ ಜಾಸ್ತಿಯೇ.

ಕೆರೆಯ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಈ ಕಥೆಯಲ್ಲಿ ಅದಕ್ಕೂ ಪಾತ್ರ ಇದೆ. ಹ್ಯೂರನ್ ಮತ್ತು ಈರಿ ಎಂಬ ಎರಡು ಮಹಾಸರೋವರಗಳ ನಡುವೆ ಸಿಕ್ಕಿಕೊಂಡಿರುವ ನೀರು ಇದು. ನೋಡಲು ಸಮುದ್ರದ ಹಾಗೆ ಕಂಡರೂ ಸರಾಸರಿ ಆಳ ಬರೀ 3.4 ಮೀಟರ್. ಆಳ ಇಲ್ಲದ ಕಡೆ ಜೊಂಡು ಬೆಳೆಯುತ್ತದೆ, ಜೊಂಡಿರುವ ಕಡೆ ಮೀನು, ಮೀನಿರುವ ಕಡೆ ಗಾಳ ಹಾಕುವವರು. ಕಿತ್ತುಹೋದ ಗಾಳದ ದಾರ ನೀರಲ್ಲೇ ಉಳಿದು, ಹೋಗಿಬರುವ ಪ್ರೊಪೆಲ್ಲರ್‌ಗಳಿಗೆ ಸುತ್ತಿಕೊಳ್ಳುತ್ತದೆ. ಉತ್ತರ ಅಮೆರಿಕದಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಹುಳು 1988ರಲ್ಲಿ ಮೊದಲು ಪತ್ತೆಯಾದದ್ದೂ ಇದೇ ಕೆರೆಯಲ್ಲಿ. ಅದು ಡ್ರೈವ್‌ನ ನೀರು ಸೇದುವ ಜಾಲರಿಗೆ ಅಂಟಿಕೊಳ್ಳುತ್ತದೆ.

ಔಟ್‌ಡ್ರೈವ್ ನೋಡದವರಿಗೆ ಚಿಕ್ಕ ಪರಿಚಯ. ಎಂಜಿನ್ ದೋಣಿಯ ಒಳಗೆ ಇರುತ್ತದೆ, ಹಿಂಗೋಡೆಗೆ ಹತ್ತಿಕೊಂಡು. ಈ ಹಿಂಗೋಡೆಗೇ ಟ್ರಾನ್ಸಮ್ ಅನ್ನುವುದು. ಅದರಲ್ಲಿ ಒಂದು ದೊಡ್ಡ ತೂತು. ಎಂಜಿನ್ನಿನ ತಿರುಗುವಿಕೆ ಆ ತೂತಿನಿಂದ ಹೊರಗೆ ಬಂದು, ಒಮ್ಮೆ 90 ಡಿಗ್ರಿ ಕೆಳಗೆ ಇಳಿದು, ಮತ್ತೆ 90 ಡಿಗ್ರಿ ತಿರುಗಿ ಪ್ರೊಪೆಲ್ಲರ್ ಮುಟ್ಟುತ್ತದೆ. ವೋಲ್ವೊ ಪೆಂಟಾ 1959ರಲ್ಲಿ ಅಕ್ವಾಮ್ಯಾಟಿಕ್ ಹೆಸರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮರ್ಕ್ರೂಸರ್ ಬಂದದ್ದು 1961ರಲ್ಲಿ. ಹೊರಗಿರುವ ಈ ಕಾಲು ಎಡಕ್ಕೂ ಬಲಕ್ಕೂ ತಿರುಗಬೇಕು, ಮೇಲೆ ಏಳಬೇಕು, ಕೆಳಗೆ ಇಳಿಯಬೇಕು. ಅಷ್ಟೆಲ್ಲಾ ಕುಣಿದರೂ ತೂತಿನಿಂದ ನೀರು ಒಳಗೆ ಬರಬಾರದು. ಅದಕ್ಕೇ ಅಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಬೆಲ್ಲೋಸ್‌ಗಳು ಇರುವುದು.

ಮಲ್ಪೆ, ಮಂಗಳೂರು ಕಡೆಯ ಟ್ರಾಲರ್ ಬೋಟುಗಳಲ್ಲಿ ಈ ಗೋಜಲೇ ಇಲ್ಲ. ಒಳಗೆ ಡೀಸೆಲ್ ಎಂಜಿನ್, ನೇರವಾಗಿ ಹಿಂದಕ್ಕೆ ಹೋಗುವ ಶಾಫ್ಟ್, ಅದು ಹೊರಗೆ ಹೋಗುವ ಜಾಗದಲ್ಲಿ ಗ್ಲ್ಯಾಂಡ್ ಪ್ಯಾಕಿಂಗ್, ಅಂದರೆ ಶಾಫ್ಟ್ ಸುತ್ತ ಬಿಗಿಯಾಗಿ ತುರುಕಿದ ಹುರಿ. ಆ ಪ್ಯಾಕಿಂಗ್‌ನಿಂದ ತೊಟ್ಟು ತೊಟ್ಟು ನೀರು ಬೀಳುವುದು ತಪ್ಪಲ್ಲ, ಪ್ಯಾಕಿಂಗ್ ಬಿಸಿಯಾಗದೆ ಇರಲು ಅದು ಬೇಕು ಕೂಡ. ಔಟ್‌ಡ್ರೈವ್‌ನಲ್ಲಿ ಆ ರಿಯಾಯಿತಿ ಇಲ್ಲ. ಒಂದು ತೊಟ್ಟು ಬಂದರೂ ಎಲ್ಲೋ ಏನೋ ಹೋಗಿದೆ ಅಂತಲೇ ಅರ್ಥ.

ದೂರು ಏನಿತ್ತು

ಎಂಜಿನ್ ಪಕ್ಕದಲ್ಲಿ ಗೇರ್ ಆಯಿಲ್‌ನ ಮಾನಿಟರ್ ಬಾಟಲಿ ಅಂತ ಒಂದು ಇರುತ್ತದೆ. ಡ್ರೈವ್ ಒಳಗಿನ ಆಯಿಲ್‌ಗೂ ಅದಕ್ಕೂ ಪೈಪಿನ ಸಂಪರ್ಕ. ಆಯಿಲ್ ಮಟ್ಟ ಇಳಿದರೆ ಆಯಿಲ್ ಹೊರಗೆ ಹೋಗುತ್ತಿದೆ. ಏರಿದರೆ ನೀರು ಒಳಗೆ ಬರುತ್ತಿದೆ. ಬಿಸಿಯಾದಾಗ ಆಯಿಲ್ ಹಿಗ್ಗಿ ಮಟ್ಟ ಸ್ವಲ್ಪ ಏರುವುದು ಸಹಜ, ಹಾಗಾಗಿ ತಣ್ಣಗಿದ್ದಾಗ ಗೆರೆ ಹಾಕಿಟ್ಟು, ತಣ್ಣಗಿದ್ದಾಗಲೇ ನೋಡಬೇಕು. ಗೆಳೆಯನ ಬಾಟಲಿಯಲ್ಲಿ ಮಟ್ಟ ತಣ್ಣಗಿದ್ದಾಗಲೂ ಏರುತ್ತಲೇ ಇತ್ತು. ಬಣ್ಣವೂ ಹಾಲು ಬೆರೆತಂತೆ ಬಿಳಿಚಿಕೊಂಡಿತ್ತು.

ಎರಡನೆಯದು ಬಿಲ್ಜ್ ಪಂಪ್. ದೋಣಿ ಬೇಸಿಗೆಯೆಲ್ಲಾ ಮರೀನಾದ ಕಟ್ಟೆಯಲ್ಲೇ ನೀರಿನಲ್ಲಿ ಇರುತ್ತಿತ್ತು. ಪಂಪಿಗೆ ಫ್ಲೋಟ್ ಸ್ವಿಚ್ ಇದೆ. ನೀರು ಏರಿದರೆ ತಾನೇ ಓಡುತ್ತದೆ, ತಾನೇ ನಿಲ್ಲುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಸೋರಿಕೆಯನ್ನು ಮಾಲೀಕನಿಂದ ಮುಚ್ಚಿಡುವುದೂ ಇದೇ ಸ್ವಿಚ್ಚು. ಪಕ್ಕದ ದೋಣಿಯವನು ‘ನಿಮ್ಮ ಪಂಪು ಬಿಸಿಲಲ್ಲೂ ಉಗುಳುತ್ತಾ ಇರುತ್ತಲ್ಲಾ’ ಅಂತ ಕೇಳಿದ ಮೇಲೇ ಇವನಿಗೆ ಗೊತ್ತಾದದ್ದು.

ಹಿಂದಿನ ಸೀಸನ್ನಿನಲ್ಲಿ ಒಂದು ವರ್ಕ್‌ಶಾಪಿನವರು ಆಯಿಲ್‌ನಲ್ಲಿ ನೀರಿದೆ ಅಂತ ಪ್ರೊಪೆಲ್ಲರ್ ಶಾಫ್ಟ್‌ನ ಸೀಲುಗಳನ್ನೂ ಡ್ರೇನ್ ಸ್ಕ್ರೂಗಳ ವಾಷರ್‌ಗಳನ್ನೂ ಬದಲಿಸಿದ್ದರು. ಬಿಲ್ ಇತ್ತು. ಗೆಳೆಯನ ಲೆಕ್ಕಾಚಾರ ಹೀಗಿತ್ತು: ಸೀಲ್ ಹೊಸದು, ಅಂದಮೇಲೆ ಅದಲ್ಲ. ಬಿಲ್ಜ್‌ಗೂ ನೀರು ಬರುತ್ತಿದೆ, ಆಯಿಲ್‌ಗೂ ಬರುತ್ತಿದೆ, ಅಂದರೆ ದೊಡ್ಡ ಬೆಲ್ಲೋಸ್ ಹರಿದಿದೆ. ಅದನ್ನು ಬದಲಿಸಿದರೆ ಎರಡೂ ಮುಗಿಯುತ್ತದೆ.

ಇದು ಪೂರ್ತಿ ಅಡ್ಡಾದಿಡ್ಡಿ ಊಹೆಯೇನಲ್ಲ. ಯೂನಿವರ್ಸಲ್ ಜಾಯಿಂಟ್, ಅಂದರೆ ಬಾಗಿದರೂ ತಿರುಗುವ ಕೀಲು, ಅದರ ಸುತ್ತ ಇರುವ ದೊಡ್ಡ ಬೆಲ್ಲೋಸ್ ಹರಿದರೆ ನೀರು ಒಳಗೆ ತುಂಬಿಕೊಂಡು, ಟ್ರಾನ್ಸಮ್‌ನಲ್ಲಿ ಶಾಫ್ಟಿಗೆ ಆಧಾರವಾಗಿರುವ ಗಿಂಬಲ್ ಬೇರಿಂಗ್ ದಾಟಿ ಬಿಲ್ಜ್‌ಗೆ ಇಳಿಯುತ್ತದೆ. ಅದೇ ನೀರು ಗೇರ್ ಆಯಿಲ್‌ಗೂ ಸೇರಬೇಕಾದರೆ ಡ್ರೈವ್‌ನ ಮೇಲ್ಭಾಗದ ಇನ್‌ಪುಟ್ ಶಾಫ್ಟ್ ಸೀಲ್ ಕೂಡ ಹೋಗಿರಬೇಕು. ಆಗಬಹುದು. ಆದರೆ ಆಗಿದೆಯಾ ಅನ್ನುವುದನ್ನು ನೋಡದೆ ಸಾಮಾನು ತರಿಸುವುದು ಬೇಡ ಅಂದೆ.

ಬಿಲ್ಜ್‌ನ ನೀರು

ಸೆಪ್ಟೆಂಬರ್ ಕೊನೆ. ದೋಣಿ ಇನ್ನೂ ನೀರಿನಲ್ಲೇ ಇತ್ತು, ಅದು ಅನುಕೂಲವೇ ಆಯಿತು. ಬಿಲ್ಜ್ ಸೋರಿಕೆಯನ್ನು ದೋಣಿ ತೇಲುತ್ತಿರುವಾಗ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಎಂಜಿನ್ ಮುಚ್ಚಳ ಎತ್ತಿ, ತಳವನ್ನು ಸ್ಪಂಜಿನಿಂದ ಒರೆಸಿ, ಬಟ್ಟೆಯಿಂದ ಪೂರಾ ಒಣಗಿಸಿದೆವು. ಪಂಪ್ ಸ್ವಿಚ್ ಆಫ್. ಎಂಜಿನ್ನೂ ಆಫ್. ಟ್ರಾನ್ಸಮ್‌ನ ಒಳಮೈಯ ಕೆಳಗೆ ಉದ್ದಕ್ಕೂ ರಂಗೋಲಿ ಪುಡಿ ಉದುರಿಸಿದೆವು. ಟಾಲ್ಕಂ ಪೌಡರ್ ಆದರೂ ನಡೆಯುತ್ತದೆ, ಆವತ್ತು ಕಾರಿನಲ್ಲಿ ಇದ್ದದ್ದು ರಂಗೋಲಿ ಪುಡಿ. ಒಣ ಬಿಳಿ ಪುಡಿಯ ಮೇಲೆ ಒಂದು ಹನಿ ಹರಿದರೂ ದಾರಿ ಎದ್ದು ಕಾಣುತ್ತದೆ. ಕತ್ತಲ ಮೂಲೆಯಲ್ಲಿ ಟಾರ್ಚ್ ಹಿಡಿದು ಒದ್ದೆ ಫೈಬರ್‌ಗ್ಲಾಸ್ ದಿಟ್ಟಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಸ್ವಲ್ಪ ಹೊತ್ತಿಗೆ ಪುಡಿಯ ಮೇಲೆ ಬೂದು ಗೆರೆ ಮೂಡಿತು. ಗಿಂಬಲ್ ಬೇರಿಂಗ್ ಇರುವ ನಡುಭಾಗದಿಂದ ಅಲ್ಲ. ಗೇರ್ ಬದಲಿಸುವ ಶಿಫ್ಟ್ ಕೇಬಲ್ ಒಳಗೆ ಬರುವ ಸಣ್ಣ ತೂತಿನ ಕೆಳಗಿನಿಂದ. ಗೆಳೆಯ ಸ್ಟೀರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದ. ಗೆರೆ ಹರಿವಾಯಿತು. ಇನ್ನೊಂದು ಕಡೆಗೆ ತಿರುಗಿಸಿದಾಗ ಹೆಚ್ಚುಕಡಿಮೆ ನಿಂತಿತು. ಡ್ರೈವ್ ತಿರುಗಿದಾಗ ರಬ್ಬರಿನ ಮಡಿಕೆ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಬಿರುಕು ಹಿಗ್ಗುವ ಕಡೆ ಇದ್ದರೆ ಬಾಯಿ ಬಿಡುತ್ತದೆ. ಇಷ್ಟು ಸ್ಪಷ್ಟವಾದ ಉತ್ತರ ಯಾವಾಗಲೂ ಸಿಗುವುದಿಲ್ಲ.

ಈ ಶಿಫ್ಟ್ ಕೇಬಲ್ ಬೆಲ್ಲೋಸ್ ಹೆಬ್ಬೆರಳಿನಷ್ಟು ದಪ್ಪದ, ಯಾರ ಗಮನಕ್ಕೂ ಬಾರದ ರಬ್ಬರ್ ತುಂಡು. ಆದರೆ ಅದು ಇರುವುದು ನೀರಿನ ಮಟ್ಟದ ಕೆಳಗೆ, ಅದರ ಇನ್ನೊಂದು ತುದಿ ನೇರ ದೋಣಿಯ ಒಳಗೆ. ಬ್ಯಾಟರಿ ಸತ್ತು ಪಂಪ್ ನಿಂತರೆ, ಕಟ್ಟೆಗೆ ಕಟ್ಟಿದಲ್ಲೇ ದೋಣಿ ಮುಳುಗಿಸಲು ಅದೊಂದೇ ಸಾಕು. ಇನ್ನೊಂದು ಕಡೆ ಎಕ್ಸಾಸ್ಟ್ ಬೆಲ್ಲೋಸ್ ಅಂತ ದೊಡ್ಡದೊಂದಿದೆ. ಅದು ಹರಿದದ್ದು ಹೊರಗಿನಿಂದಲೇ ಕಾಣುತ್ತದೆ, ನೋಡಿದವರಿಗೆ ಗಾಬರಿ. ಆದರೆ ಅದರೊಳಗೆ ಹೊಗೆ ಹೋಗುವ ದಾರಿ ಮೊದಲಿನಿಂದಲೂ ನೀರಿಗೆ ತೆರೆದೇ ಇರುತ್ತದೆ. ಅದು ಹರಿದರೆ ಸದ್ದು ಜಾಸ್ತಿಯಾಗಬಹುದು, ಬಿಲ್ಜ್‌ಗೆ ನೀರು ಬರುವುದಿಲ್ಲ. ಬಿಲ್ಜ್ ಸೋರುತ್ತಿದೆ ಅಂತ ಅದನ್ನು ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆಮೇಲೆ ದೋಣಿಯನ್ನು ಟ್ರೇಲರ್ ಮೇಲೆ ಎಳೆದು, ಡ್ರೈವ್‌ನ ನೀರು ಸೇದುವ ಜಾಲರಿಗೆ ಮಫ್ ಎಂಬ ರಬ್ಬರ್ ಬಟ್ಟಲುಗಳನ್ನು ಹಾಕಿ, ಮನೆಯ ಪೈಪಿನಿಂದ ನೀರು ಕೊಟ್ಟು ಎಂಜಿನ್ ಓಡಿಸಿದೆವು. ಇದು ಇನ್ನೊಂದು ದಾರಿಯನ್ನು ತಳ್ಳಿಹಾಕಲು. ಆಲ್ಫಾ ಡ್ರೈವ್‌ನಲ್ಲಿ ನೀರಿನ ಪಂಪ್ ಕೆಳಗಿನ ಕಾಲಿನಲ್ಲೇ ಇರುತ್ತದೆ. ಅಲ್ಲಿಂದ ಮೇಲೆ ಬಂದ ನೀರು ಟ್ರಾನ್ಸಮ್ ದಾಟಿ ಎಂಜಿನ್ ತಂಪು ಮಾಡಲು ಹೋಗುತ್ತದೆ. ಆ ಹೋಸ್‌ಗಳಲ್ಲಿ ತೂತಿದ್ದರೆ ದೋಣಿ ನೆಲದ ಮೇಲಿದ್ದರೂ ಬಿಲ್ಜ್ ಒದ್ದೆಯಾಗುತ್ತದೆ. ಇಲ್ಲಿ ಒಂದು ಹನಿಯೂ ಬರಲಿಲ್ಲ. ಬಿಲ್ಜ್‌ನ ಕೇಸು ಅಲ್ಲಿಗೆ ಮುಗಿಯಿತು.

ಆಯಿಲ್‌ನ ನೀರು

ದೋಣಿಯನ್ನು ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ಮೇಲಿನ ವೆಂಟ್ ಸ್ಕ್ರೂ ಮುಟ್ಟದೆ ಕೆಳಗಿನ ಡ್ರೇನ್ ಸ್ಕ್ರೂ ಮಾತ್ರ ತುಸು ಸಡಿಲಿಸಿದೆವು. ನೀರು ಆಯಿಲ್‌ಗಿಂತ ಭಾರ. ಬೇರೆಯಾಗಿ ನಿಂತ ನೀರು ಇದ್ದರೆ ಮೊದಲು ಅದೇ ಹೊರಗೆ ಬರುತ್ತದೆ. ಬಂತು. ಚಮಚದಷ್ಟು ತಿಳಿ ನೀರು, ಅದರ ಹಿಂದೆ ಬಿಳಿಚಿದ ಆಯಿಲ್. ಅನುಮಾನವೇ ಇರಲಿಲ್ಲ, ಆದರೂ ಒಂದು ಹನಿ ಆಯಿಲ್ ಬಿಸಿ ತಗಡಿನ ಮೇಲೆ ಹಾಕಿ ನೋಡಿದೆವು. ಚಟಪಟ ಸಿಡಿಯಿತು. ನೀರಿಲ್ಲದ ಆಯಿಲ್ ಸುಮ್ನೆ ಹೊಗೆಯಾಡುತ್ತದೆ, ಸಿಡಿಯುವುದಿಲ್ಲ. ಬಣ್ಣ ನೋಡಿ ತೀರ್ಮಾನಿಸಲಾಗದಷ್ಟು ಕಮ್ಮಿ ನೀರಿದ್ದಾಗ ಈ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಡ್ರೇನ್ ಸ್ಕ್ರೂನ ಆಯಸ್ಕಾಂತದ ಮೇಲೆ ತೆಳುವಾದ ಬೂದು ಕೆಸರು ಇತ್ತು. ಲೋಹದ ಚೂರು ಇರಲಿಲ್ಲ. ಚೂರು ಸಿಕ್ಕಿದ್ದರೆ ಕಥೆ ಬೇರೆ ಕಡೆಗೆ ಹೋಗುತ್ತಿತ್ತು. ಗೇರ್, ಬೇರಿಂಗ್ ಎಲ್ಲಾ ಬಿಚ್ಚಬೇಕಾಗುತ್ತಿತ್ತು.

ನಂತರ ಡ್ರೈವ್ ಇಳಿಸಿದೆವು. ಆಲ್ಫಾ ಇಳಿಸುವ ಮುಂಚೆ ಗೇರನ್ನು ಫಾರ್ವರ್ಡ್‌ಗೆ ಹಾಕಿರಬೇಕು, ಇಲ್ಲದಿದ್ದರೆ ಶಿಫ್ಟ್ ಜೋಡಣೆ ಬಿಡಿಸಿಕೊಳ್ಳುವುದಿಲ್ಲ. ಡ್ರೈವನ್ನು ಮೇಲೆ ಕೆಳಗೆ ಮಾಡುವ ಟ್ರಿಮ್ ಸಿಲಿಂಡರ್‌ಗಳ ಹಿಂದಿನ ಪಿನ್ ತೆಗೆದು, ಸುತ್ತಲಿನ 6 ನಟ್ ಬಿಚ್ಚಿದರೆ ಹಿಂದಕ್ಕೆ ಜಾರುತ್ತದೆ. ಇದನ್ನು ಒಬ್ಬರೇ ಎತ್ತಲು ಹೋಗಬಾರದು. ಬೆನ್ನು ನಮ್ಮದೇ ಅಲ್ವಾ.

ದೊಡ್ಡ ಬೆಲ್ಲೋಸ್ ಒಳಗೆ ಕೈ ಹಾಕಿದೆ. ಪೂರಾ ಒಣ. ಯೂನಿವರ್ಸಲ್ ಜಾಯಿಂಟ್ ಮೇಲೆ ತುಕ್ಕಿಲ್ಲ. ಗಿಂಬಲ್ ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ನಯವಾಗಿ ತಿರುಗಿತು, ಕರಕರ ಇಲ್ಲ. ಗೆಳೆಯನ ಒಂದೇ ತೂತಿನ ಸಿದ್ಧಾಂತ ಅಲ್ಲಿಗೆ ಬಿತ್ತು. ಬೆಲ್ಲೋಸ್ ಒಳಗೆ ನೀರೇ ಇಲ್ಲದ ಮೇಲೆ ಅಲ್ಲಿಂದ ಆಯಿಲ್‌ಗೆ ನೀರು ಹೋಗುವುದೆಲ್ಲಿಂದ ಬಂತು?

ಇನ್ನು ಉಳಿದದ್ದು ಡ್ರೈವ್ ಒಂದೇ. ಅದನ್ನು ಸ್ಟ್ಯಾಂಡಿಗೆ ಏರಿಸಿ ಪ್ರೊಪೆಲ್ಲರ್ ಬಿಚ್ಚಿದಾಗ ಥ್ರಸ್ಟ್ ವಾಷರ್ ಹಿಂದೆ ಗಾಳದ ದಾರದ ತುಣುಕುಗಳು ಸಿಕ್ಕವು. ತೆಳ್ಳಗಿನ ನೈಲಾನ್ ದಾರ, ಬಿಗಿಯಾಗಿ ಸುತ್ತಿಕೊಂಡದ್ದು. ಈ ಕೆರೆಯಲ್ಲಿ ಓಡಿದ ಡ್ರೈವ್‌ನಲ್ಲಿ ಇದು ಸಿಗದಿದ್ದರೇ ಆಶ್ಚರ್ಯ. ದಾರ ಸಿಕ್ಕ ಮಾತ್ರಕ್ಕೆ ಸೀಲ್ ಹೋಗಿದೆ ಅಂತ ಹೇಳಲಾಗುವುದಿಲ್ಲ. ಅದೂ ಹೋದ ವರ್ಷ ಹಾಕಿದ ಸೀಲ್.

ಗಾಳಿಯೊತ್ತಡದ ಪರೀಕ್ಷೆ ಮೊದಲು. ಆಯಿಲ್ ಪೂರ್ತಿ ಖಾಲಿ ಮಾಡಿ, ಮಾನಿಟರ್ ಬಾಟಲಿಗೆ ಹೋಗುವ ರಂಧ್ರ ಮುಚ್ಚಿ, ವೆಂಟ್ ಸ್ಕ್ರೂ ಜಾಗಕ್ಕೆ ಗೇಜ್ ಇರುವ ಕೈಪಂಪ್ ಕೂರಿಸಿದೆವು. 10ರಿಂದ 12 ಪಿಎಸ್ಐ. ಇದಕ್ಕೆ ಕಂಪ್ರೆಸರ್ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಒತ್ತಡ ಹದ ತಪ್ಪಿದರೆ ಚೆನ್ನಾಗಿದ್ದ ಸೀಲೂ ಹೊರಗೆ ಹಾರುತ್ತದೆ. ಸೋಪಿನ ನೀರು ಸುತ್ತಲೂ ಹಚ್ಚಿ, ಶಾಫ್ಟ್ ಕೈಯಲ್ಲಿ ತಿರುಗಿಸುತ್ತಾ ಕಾದೆವು. ಮುಳ್ಳು ಕದಲಲಿಲ್ಲ. ಒಂದು ಗುಳ್ಳೆಯೂ ಏಳಲಿಲ್ಲ.

ಬಹಳ ಕಡೆ ಪರೀಕ್ಷೆ ಇಲ್ಲಿಗೇ ನಿಲ್ಲುತ್ತದೆ. ಹಿಂದಿನ ರಿಪೇರಿಯಲ್ಲೂ ಇಲ್ಲಿಗೇ ನಿಂತಿರಬೇಕು ಅನ್ನುವುದು ನನ್ನ ಅನುಮಾನ.

ಒತ್ತಡದ ಪರೀಕ್ಷೆ ಕೇಳುವ ಪ್ರಶ್ನೆ, ಒಳಗಿನದು ಹೊರಗೆ ಹೋಗುತ್ತಾ ಅಂತ. ನಮಗೆ ಬೇಕಾದದ್ದು ಹೊರಗಿನದು ಒಳಗೆ ಬರುತ್ತಾ ಅನ್ನುವುದು. ಪ್ರೊಪೆಲ್ಲರ್ ಶಾಫ್ಟ್ ಮೇಲೆ ಸೀಲುಗಳು ಎರಡಿವೆ, ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತವೆ. ಒಳಗಿನ ಸೀಲ್‌ನ ತುಟಿ, ಅಂದರೆ ಶಾಫ್ಟಿಗೆ ಒತ್ತಿ ಕೂರುವ ರಬ್ಬರ್ ಅಂಚು, ಗೇರ್ ಕಡೆಗೆ, ಆಯಿಲ್ ಹಿಡಿಯಲು. ಹೊರಗಿನದರ ತುಟಿ ಪ್ರೊಪೆಲ್ಲರ್ ಕಡೆಗೆ, ನೀರು ತಡೆಯಲು. ಒಳಗಿನಿಂದ ಗಾಳಿ ಒತ್ತಿದರೆ ಒಳಗಿನ ಸೀಲ್‌ನ ತುಟಿ ಶಾಫ್ಟಿಗೆ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದೊಂದು ಚೆನ್ನಾಗಿದ್ದರೆ ಸಾಕು, ಹೊರಗಿನದು ಸತ್ತಿದ್ದರೂ ಪರೀಕ್ಷೆ ಪಾಸ್. ಗಾಳಿ ಎಳೆದರೆ ಉಲ್ಟಾ. ಒಳಗಿನ ತುಟಿ ಸಡಿಲಾಗುತ್ತದೆ, ಹೊರಗಿನದು ಒಂದೇ ನಿಂತು ಕೆಲಸ ಮಾಡಬೇಕಾಗುತ್ತದೆ.

ಕೈಪಂಪನ್ನು ವ್ಯಾಕ್ಯೂಮ್‌ಗೆ ಬದಲಿಸಿ 10 ಇಂಚು ಪಾದರಸದಷ್ಟು ಎಳೆದೆವು. ಮುಳ್ಳು ಇಳಿಯತೊಡಗಿತು. ನಿಧಾನ, ಆದರೆ ನಿಲ್ಲದೆ. ಶಾಫ್ಟ್ ತಿರುಗಿಸಿದರೆ ಒಂದು ಜಾಗದಲ್ಲಿ ಬೇಗ ಇಳಿಯುತ್ತದೆ, ಇನ್ನೊಂದು ಜಾಗದಲ್ಲಿ ತಡೆದು ತಡೆದು.

ವ್ಯಾಕ್ಯೂಮ್‌ನಲ್ಲಿ ಗುಳ್ಳೆ ಕಾಣುವುದಿಲ್ಲ, ಗಾಳಿ ಒಳಗೆ ಹೋಗುತ್ತಿರುತ್ತದಲ್ಲ. ಹಾಗಾಗಿ ಜಾಗ ಹುಡುಕಲು ದಪ್ಪ ಮರೀನ್ ಗ್ರೀಸ್ ತೆಗೆದುಕೊಂಡು ಒಂದೊಂದೇ ಕಡೆ ಮೆತ್ತುತ್ತಾ ಹೋದೆವು. ಡ್ರೇನ್ ಸ್ಕ್ರೂ ಸುತ್ತ, ಏನೂ ವ್ಯತ್ಯಾಸವಿಲ್ಲ. ಮೇಲಿನ ಮುಚ್ಚಳದ ಅಂಚು, ಇಲ್ಲ. ಮೇಲಿನ ಮತ್ತು ಕೆಳಗಿನ ಭಾಗ ಸೇರುವ ಜಾಗ, ಇಲ್ಲ. ಇನ್‌ಪುಟ್ ಶಾಫ್ಟ್, ಇಲ್ಲ. ಪ್ರೊಪೆಲ್ಲರ್ ಶಾಫ್ಟ್ ಸೀಲ್‌ನ ಸುತ್ತ ಗ್ರೀಸ್ ತುಂಬಿ ಮತ್ತೆ ಎಳೆದಾಗ ಮುಳ್ಳು ನಿಂತಿತು. ನೋಡುತ್ತಿದ್ದಂತೆ ಶಾಫ್ಟ್ ಪಕ್ಕದ ಗ್ರೀಸಿನಲ್ಲಿ ಸೂಜಿಮೊನೆಯಷ್ಟು ಗುಳಿ ಬಿತ್ತು, ಮುಳ್ಳು ಮತ್ತೆ ಇಳಿಯಿತು. ಬೆರಳಿಂದ ಗ್ರೀಸ್ ಒತ್ತಿದರೆ ನಿಲ್ಲುತ್ತಿತ್ತು.

ಹೊಸ ಸೀಲ್ ಇದ್ದ ಜಾಗದಲ್ಲೇ ಸೋರಿಕೆ.

ಉಗುರಿಗೆ ಸಿಕ್ಕಿದ್ದು

ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗೂ ಸೀಲುಗಳೂ ಕೂತಿರುವ ಬೇರಿಂಗ್ ಕ್ಯಾರಿಯರ್ ಬಿಚ್ಚಲು ದೊಡ್ಡ ನಟ್‌ಗೆ ಹೊಂದುವ ವಿಶೇಷ ಟೂಲ್ ಬೇಕು. ಉಳಿ ಸುತ್ತಿಗೆಯಿಂದ ಬಡಿದು ತೆಗೆಯುವ ಶೂರರೂ ಇದ್ದಾರೆ. ಇದು ಸಿಹಿನೀರಿನ ದೋಣಿಯಾದದ್ದರಿಂದ ಹೆಚ್ಚು ಕಾಡದೆ ಬಿಟ್ಟುಕೊಟ್ಟಿತು. ಉಪ್ಪುನೀರಿನಲ್ಲಿ ಓಡಿದ ಡ್ರೈವ್ ಆಗಿದ್ದರೆ ಈ ಒಂದು ನಟ್ಟೇ ಒಂದು ಲೇಖನ ಆಗುತ್ತಿತ್ತು.

ಸೀಲ್ ಎರಡೂ ನಿಜಕ್ಕೂ ಹೊಸವೇ. ರಬ್ಬರ್ ಮೆತ್ತಗಿತ್ತು, ಸ್ಪ್ರಿಂಗ್ ಜಾಗದಲ್ಲಿತ್ತು, ತುಟಿಯಲ್ಲಿ ಗಾಯವಿರಲಿಲ್ಲ. ವರ್ಕ್‌ಶಾಪಿನವರು ಬಿಲ್‌ನಲ್ಲಿ ಸುಳ್ಳು ಬರೆದಿರಲಿಲ್ಲ. ಶಾಫ್ಟನ್ನು ಒರೆಸಿ ಬೆಳಕಿಗೆ ಹಿಡಿದರೆ ಎರಡು ಉಂಗುರದ ಗುರುತು ಕಂಡವು. ಒಳಗಿನದರ ಮೇಲೆ ಉಗುರು ಎಳೆದರೆ ಜಾರಿಹೋಗುತ್ತದೆ, ಬರೀ ಹೊಳಪು. ಹೊರಗಿನದರಲ್ಲಿ ಉಗುರು ಟಕ್ಕನೆ ನಿಂತಿತು. ಅದು ಗಾಡಿ, ಅಂದರೆ ಸವೆದು ಬಿದ್ದ ತೋಡು. ಒಂದು ಕಡೆ ಅಂಚಿನಲ್ಲಿ ಸಣ್ಣ ಕಚ್ಚೂ ಇತ್ತು. ವ್ಯಾಕ್ಯೂಮ್ ಮುಳ್ಳು ಒಂದೇ ಜಾಗದಲ್ಲಿ ಬೇಗ ಇಳಿಯುತ್ತಿದ್ದದ್ದು ಯಾಕೆ ಅನ್ನುವುದಕ್ಕೆ ಉತ್ತರ ಅದು.

ಸೀಲ್ ಅಂದರೆ ರಬ್ಬರ್ ಮಾತ್ರ ಅಲ್ಲ, ರಬ್ಬರೂ ಶಾಫ್ಟೂ ಸೇರಿಯೇ ಸೀಲ್. ವರ್ಷಾನುಗಟ್ಟಲೆ ಹಳೆಯ ತುಟಿ ಒಂದೇ ಗೆರೆಯಲ್ಲಿ ಉಜ್ಜಿದೆ. ನಡುವೆ ಮರಳು ಸಿಕ್ಕಿದೆ, ಗಾಳದ ದಾರ ಸಿಕ್ಕಿದೆ. ಗಟ್ಟಿ ಲೋಹವೂ ಹೀಗೆ ಸವೆಯುತ್ತದೆ. ಹೊಸ ಸೀಲನ್ನು ಅಷ್ಟೇ ಆಳಕ್ಕೆ ಹೊಡೆದು ಕೂರಿಸಿದರೆ ಅದರ ತುಟಿ ಕರಾರುವಾಕ್ಕಾಗಿ ಹಳೆಯ ಗಾಡಿಯ ಮೇಲೇ ಬಂದು ಕೂರುತ್ತದೆ. ಅಲ್ಲಿ ಶಾಫ್ಟ್ ಸ್ವಲ್ಪ ತೆಳ್ಳಗೆ, ತುಟಿಯ ಹಿಡಿತ ಸಾಲದು. ತಯಾರಿಕೆಯ ದೋಷ ಅಂತ ಇದನ್ನು ಹೇಳಲಾರೆ. ವಯಸ್ಸು ಮತ್ತು ಈ ಕೆರೆ, ಅಷ್ಟೇ.

ಇನ್ನೊಂದು ಸಾಧ್ಯತೆ ಇತ್ತು: ಶಾಫ್ಟ್ ಬಾಗಿರುವುದು. ಕಲ್ಲಿಗೆ ಹೊಡೆದ ಪ್ರೊಪೆಲ್ಲರ್‌ನಿಂದ ಶಾಫ್ಟ್ ಕಣ್ಣಿಗೆ ಕಾಣದಷ್ಟು ಬಾಗಿದ್ದರೂ ತಿರುಗುವಾಗ ತುಟಿಯನ್ನು ಒಂದು ಕಡೆಗೆ ತಳ್ಳುತ್ತಾ ಇರುತ್ತದೆ. ಆಗ ಯಾವ ಸೀಲ್ ಹಾಕಿದರೂ ಬಾಳುವುದಿಲ್ಲ. ವಿ-ಬ್ಲಾಕ್ ಮೇಲೆ ಇಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದೆವು. ಮುಳ್ಳು ಹೆಚ್ಚುಕಡಿಮೆ ಸುಮ್ಮನಿತ್ತು. ಬಾಗಿಲ್ಲ. ಬಾಗಿದ್ದರೆ ಹೊಸ ಶಾಫ್ಟೇ ಗತಿ.

ರಿಪೇರಿ

ದಾರಿ ಮೂರಿದ್ದವು. ಹೊಸ ಶಾಫ್ಟ್ ಹಾಕುವುದು ದುಬಾರಿ. ಹೊರಗಿನ ಸೀಲನ್ನು ಒಂದೆರಡು ಮಿಲಿಮೀಟರ್ ಆಚೀಚೆ ಕೂರಿಸಿ ತುಟಿ ಸವೆಯದ ಜಾಗಕ್ಕೆ ಬರುವಂತೆ ಮಾಡಬಹುದು. ಹಳೆಯ ಮೆಕ್ಯಾನಿಕ್‌ಗಳ ಜಾಣತನ ಅದು, ಖರ್ಚಿಲ್ಲ. ಆದರೆ ಎರಡು ಸೀಲ್ ಪಕ್ಕಪಕ್ಕ ಇರುವಾಗ ಜಾಗ ಬಹಳ ಕಮ್ಮಿ, ಇಲ್ಲಿ ಗಾಡಿಯ ಅಂಚಿನ ಕಚ್ಚೂ ಇತ್ತು. ಮೂರನೆಯದು ರಿಪೇರಿ ಸ್ಲೀವ್. ಎಸ್‌ಕೆಎಫ್‌ನ ಸ್ಪೀಡಿ-ಸ್ಲೀವ್ ಥರದ್ದು. ಕಾಲು ಮಿಲಿಮೀಟರ್‌ಗಿಂತ ಒಂದಿಷ್ಟೇ ದಪ್ಪದ ಸ್ಟೇನ್‌ಲೆಸ್ ತೋಳು. ಶಾಫ್ಟಿನ ಮೇಲೆ ಬಿಗಿಯಾಗಿ ಏರುತ್ತದೆ, ಗಾಡಿಯನ್ನು ಮುಚ್ಚುತ್ತದೆ. ಅಷ್ಟು ತೆಳ್ಳಗಿರುವುದರಿಂದ ಮೊದಲಿನ ಅಳತೆಯ ಸೀಲೇ ಸಾಕು. ನಾವು ಅದನ್ನೇ ಆರಿಸಿದೆವು.

ಶಾಫ್ಟಿನ ಸವೆಯದ ಭಾಗವನ್ನು ಮೈಕ್ರೋಮೀಟರ್‌ನಲ್ಲಿ ಅಳೆದು ಸ್ಲೀವ್ ತರಿಸಬೇಕು, ಗಾಡಿಯ ಮೇಲೆ ಅಳೆಯಬಾರದು. ಕಚ್ಚಿದ್ದ ಜಾಗವನ್ನು ನಯ ಮಾಡಿ, ಗಾಡಿಗೆ ಲೋಹ ತುಂಬಿದ ಎಪಾಕ್ಸಿ ಸವರಿ, ಒಣಗುವ ಮುಂಚೆಯೇ ಸ್ಲೀವನ್ನು ಅದರ ಜೊತೆ ಬರುವ ಲೋಹದ ಬಟ್ಟಲಿನಿಂದ ತಟ್ಟುತ್ತಾ ಕೂರಿಸಿದೆವು. ತುಟಿ ಬಂದು ಕೂರುವುದು ಸ್ಲೀವ್‌ನ ನಡುವೆ ಇರಬೇಕು. ಅಂಚಿನ ಮೇಲೆ ಬಂದರೆ ಮೊದಲಿಗಿಂತ ಕಷ್ಟ. ಹಾಗಾಗಿ ಹಳೆಯ ಗಾಡಿ ಶಾಫ್ಟಿನ ತುದಿಯಿಂದ ಎಷ್ಟು ದೂರ ಇದೆ ಅಂತ ಮೊದಲೇ ಬರೆದಿಟ್ಟುಕೊಂಡಿದ್ದೆವು.

ಹೊಸ ಸೀಲ್‌ಗಳ ಹೊರಮೈಗೆ ಲಾಕ್‌ಟೈಟ್ ಅಂಟು, ಎರಡು ಸೀಲ್‌ಗಳ ನಡುವೆ ಗ್ರೀಸ್. ಕ್ಯಾರಿಯರ್‌ನ ಓ-ರಿಂಗ್ ಹೊಸದು. ಕ್ಯಾರಿಯರ್ ಏರಿಸುವ ಮುಂಚೆ ಶಾಫ್ಟ್‌ನ ಹಲ್ಲುಗಳ ಮೇಲೆ ಒಂದು ಸುತ್ತು ತೆಳುವಾದ ಟೇಪ್ ಸುತ್ತಿದೆವು. ಆ ಹಲ್ಲುಗಳ ಮೊನೆ ಹೊಸ ತುಟಿಯನ್ನು ಸೀಳಲು ಒಂದು ಸಲ ತಾಗಿದರೆ ಸಾಕು. ಎಷ್ಟೋ ಹೊಸ ಸೀಲ್‌ಗಳು ಹುಟ್ಟುವಾಗಲೇ ಸಾಯುವುದು ಇಲ್ಲಿ.

ಮತ್ತೆ ಒತ್ತಡ, ಮತ್ತೆ ವ್ಯಾಕ್ಯೂಮ್. ಈ ಸಲ ಶಾಫ್ಟ್ ಎಷ್ಟು ತಿರುಗಿಸಿದರೂ ಎರಡರಲ್ಲೂ ಮುಳ್ಳು ನಿಂತಲ್ಲೇ ನಿಂತಿತ್ತು.

ಟ್ರಾನ್ಸಮ್ ಕಡೆಯ ಕೆಲಸದಲ್ಲಿ ಹೇಳುವಂಥದ್ದು ಕಮ್ಮಿ. ಡ್ರೈವ್ ಬಂದು ಕೂರುವ ಬೆಲ್ ಹೌಸಿಂಗ್ ಕಳಚಲು ಹಿಂಜ್ ಪಿನ್ ಟೂಲ್ ಬೇಕು. ಶಿಫ್ಟ್ ಕೇಬಲ್ ಬೆಲ್ಲೋಸ್‌ನ ಬಿರುಕು ಕ್ಲಾಂಪ್ ಪಕ್ಕದ ಮೊದಲ ಮಡಿಕೆಯಲ್ಲೇ ಇತ್ತು, ಸುಮ್ಮನಿದ್ದಾಗ ಕಾಣದು, ಬಾಗಿಸಿದರೆ ಬಾಯಿ ತೆರೆಯುತ್ತಿತ್ತು. ಅದನ್ನೂ, ಜೊತೆಗೆ ಕೇಬಲ್ಲನ್ನೂ ಬದಲಿಸಿದೆವು. ದೊಡ್ಡ ಬೆಲ್ಲೋಸ್ ಸೋರುತ್ತಿರಲಿಲ್ಲ, ಆದರೂ ಅದನ್ನೂ ಹೊಸದು ಹಾಕಿದ್ದಾಯಿತು. ರಬ್ಬರಿಗೆ ವಯಸ್ಸಾಗಿತ್ತು, ಅಷ್ಟೆಲ್ಲಾ ಬಿಚ್ಚಿದ ಮೇಲೆ ಹಳೆಯದನ್ನೇ ಬಿಟ್ಟು ಮುಚ್ಚಲು ಮನಸ್ಸು ಬರಲಿಲ್ಲ. ಎಂಜಿನ್ ನೇರವಾಗಿ ಕೂತಿದೆಯಾ ಅಂತ ನೋಡುವ ಅಲೈನ್‌ಮೆಂಟ್ ಬಾರ್ ಎರಡು ಬೆರಳಿನ ಬಲಕ್ಕೇ ಒಳಗೆ ಜಾರಿತು, ಎಂಜಿನ್ ಮುಟ್ಟಬೇಕಾಗಲಿಲ್ಲ. ನೀರಿನ ಪಂಪ್ ಬಿಚ್ಚಿದಾಗ ಒಳಗೆ ಜೀಬ್ರಾ ಮಸಲ್ ಚಿಪ್ಪಿನ ಚೂರುಗಳಿದ್ದವು. ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಹೊಸದಾಯಿತು.

ಆಯಿಲ್ ತುಂಬಿದ್ದು ಕೆಳಗಿನ ರಂಧ್ರದಿಂದ ಮೇಲಕ್ಕೆ, ವೆಂಟ್‌ನಲ್ಲಿ ಗುಳ್ಳೆಯಿಲ್ಲದೆ ಉಕ್ಕುವ ತನಕ. ಮಾನಿಟರ್ ಬಾಟಲಿಯೂ ಸೇರಿ ಈ ಡ್ರೈವ್ ಸುಮಾರು 1.9 ಲೀಟರ್ ಹಿಡಿಯುತ್ತದೆ. ಮೇಲಿನಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ತುಂಬಿದೆ ಅಂತ ಮೋಸ ಮಾಡುತ್ತದೆ. ಒಂದು ಸುತ್ತು ಓಡಿಸಿ ಬಂದು ಆ ಆಯಿಲನ್ನೂ ಬದಲಿಸಿದೆವು. ಮೂಲೆಗಳಲ್ಲಿ ಉಳಿದ ಹಳೆಯ ಬಿಳಿ ಆಯಿಲ್ ಹೊಸದರ ಜೊತೆ ಬೆರೆತು, ಸೋರಿಕೆ ಇನ್ನೂ ಇದೆ ಅನ್ನೋ ಭ್ರಮೆ ಹುಟ್ಟಿಸುತ್ತದೆ. ಹಳೆಯ ಆಯಿಲನ್ನು ಡಬ್ಬಿಯಲ್ಲಿ ಹಿಡಿದು ಸಂಗ್ರಹ ಕೇಂದ್ರಕ್ಕೆ ಕೊಡಬೇಕು, ಚರಂಡಿಗಲ್ಲ.

ಇದೆಲ್ಲಾ ಅಕ್ಟೋಬರ್ ಒಳಗೆ ಮುಗಿಯಬೇಕಿತ್ತು, ಮಿಷಿಗನ್ ಚಳಿಗೆ ಕಾಯುವ ತಾಳ್ಮೆ ಇಲ್ಲ. ಗೇರ್ ಆಯಿಲ್‌ನ ನೀರು ಕೊನೆಗೆ ಡ್ರೈವ್‌ನ ತಳದಲ್ಲಿ ನಿಲ್ಲುತ್ತದೆ. ಹೆಪ್ಪುಗಟ್ಟಿದಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ, ಅಲ್ಯೂಮಿನಿಯಂ ಕವಚ ಬಿರಿಯುತ್ತದೆ. ಆಮೇಲೆ ಸೀಲ್, ಸ್ಲೀವ್ ಅಂತ ಮಾತಾಡಿ ಪ್ರಯೋಜನವಿಲ್ಲ. ಹಾಗಾಗಿ ಈ ಕಡೆಯವರು ಗೇರ್ ಆಯಿಲ್ ನೋಡಬೇಕಾದದ್ದು ವಸಂತದಲ್ಲಿ ಅಲ್ಲ, ದೋಣಿ ಒಳಗಿಡುವ ಮುಂಚೆ.

ಮೇ ತಿಂಗಳಲ್ಲಿ ದೋಣಿ ಮತ್ತೆ ನೀರಿಗಿಳಿಯಿತು. ಬಾಟಲಿಯ ಗೆರೆ ಬೇಸಿಗೆಯ ನಡುವಿನವರೆಗೂ ಇದ್ದಲ್ಲೇ ಇದೆ, ಆಯಿಲ್ ತಿಳಿಯಾಗಿದೆ, ಬಿಲ್ಜ್ ಪಂಪ್ ಮಳೆ ಸುರಿದಾಗ ಮಾತ್ರ ಓಡುತ್ತದೆ. ಒಂದು ವಿಷಯ ಮಾತ್ರ ಬಾಕಿ ಉಳಿದಿದೆ. ಕ್ಯಾರಿಯರ್ ತೆಗೆದಾಗ ಒಳಗಿನ ಬೇರಿಂಗ್ ಮೇಲೆ ತೆಳುವಾದ ಕಂದು ಕಲೆ ಕಂಡಿತ್ತು, ನೀರು ಬೆರೆತ ಆಯಿಲ್‌ನಲ್ಲಿ ಓಡಿದ ಗುರುತು. ಗುಳಿ ಬಿದ್ದಿರಲಿಲ್ಲ, ಬಿಟ್ಟೆವು. ಪ್ರತಿ ಸಲ ಆಯಿಲ್ ಬದಲಿಸುವಾಗ ಗೆಳೆಯ ಡ್ರೇನ್ ಸ್ಕ್ರೂನ ಆಯಸ್ಕಾಂತ ಒರೆಸಿ, ಟಿಶ್ಯೂ ಮೇಲೆ ಉಜ್ಜಿ, ಫೋಟೋ ತೆಗೆದು ಕಳಿಸುತ್ತಾನೆ. ಕೆಸರು ಬೂದಾಗಿದ್ದರೆ ಓಡಿಸು ಅನ್ನುತ್ತೇನೆ. ಮಿಂಚುವ ಚೂರು ಕಂಡ ದಿನ ಆ ಬೇರಿಂಗ್ ಬದಲಿಸಬೇಕು.